ಛತ್ರದಲ್ಲಿ ಸೆರಗು ಅಡ್ಡ ಹಿಡಿದ ಅಮ್ಮನಿಗೆ

ಭಾನುವಾರ ತುಮಕೂರಿನ ಬಿ.ಎಚ್. ರಸ್ತೆಯ ಛತ್ರದಲ್ಲಿ, ಊಟದ ಪಂಕ್ತಿಯಲ್ಲಿ ನನ್ನ ಪಕ್ಕ ಕೂತಿದ್ದ ಹಸಿರು ರೇಷ್ಮೆ ಸೀರೆಯ ಅಮ್ಮ, ನಿಮಗೆ ತುಂಬಾ ಥ್ಯಾಂಕ್ಸ್. ಕೈ ತೊಳೆದು ಬರುವಷ್ಟರಲ್ಲಿ ನೀವು ಹೊರಟುಬಿಟ್ಟಿದ್ದಿರಿ, ಹೆಸರೂ ಕೇಳಲಾಗಲಿಲ್ಲ.

ನಾನು ಊಟಕ್ಕೆ ಹಾಕಿಕೊಳ್ಳುವುದು ಬೇಗ ಕೆಲಸ ಮಾಡುವ ಇನ್ಸುಲಿನ್. ಹಾಕಿಕೊಂಡು 15 ನಿಮಿಷದೊಳಗೆ ಊಟ ಶುರುವಾಗಬೇಕು, ತಡವಾದರೆ ಶುಗರ್ ಇಳಿದುಬಿಡುತ್ತದೆ. ಮದುವೆ ಮನೆಯಲ್ಲಿ ಎಲೆ ಯಾವಾಗ ಹಾಕುತ್ತಾರೋ ಹೇಳೋಕಾಗಲ್ಲ ಅಲ್ವಾ? ಅದಕ್ಕೇ ಎಲೆ ಮುಂದೆ ಕೂತ ಮೇಲೇ ಇನ್ಸುಲಿನ್ ಚುಚ್ಚಿಕೊಳ್ಳುವ ಪೆನ್ ತೆಗೆಯುತ್ತೇನೆ. ಟಾಯ್ಲೆಟ್‌ಗೆ ಹೋಗಿ ಹಾಕಿಕೋ ಅನ್ನುವವರಿದ್ದಾರೆ. ಊಟದ ಔಷಧಿಗೆ ಅದಾ ಜಾಗ?

ಎದುರು ಸಾಲಿನಿಂದ "ಇಲ್ಲೇನಮ್ಮ ಇದು?" ಅಂತ ದನಿ ಬಂದಾಗ ನನ್ನ ಕೈ ನಿಂತುಹೋಯಿತು. ನೀವು ಸೆರಗು ಅಡ್ಡ ಹಿಡಿದಿರಿ. "ಮಗು ಔಷಧಿ ತಗೋತಿದೆ, ನೀವು ನಿಮ್ಮ ಎಲೆ ನೋಡ್ಕೊಳ್ಳಿ" ಅಂದಿರಿ. ಸೂಜಿ ಚುಚ್ಚಿ 10 ಎಣಿಸುವ ತನಕ ಆ ಸೆರಗು ಅಲ್ಲಾಡಲಿಲ್ಲ. ಆಮೇಲೆ ಬಡಿಸುವ ಹುಡುಗನನ್ನು ಕೂಗಿ, ಮೊದಲು ನನ್ನ ಎಲೆಗೆ ಅನ್ನ ಹಾಕಿಸಿದಿರಿ.

ಎಷ್ಟು ವರ್ಷದಿಂದ, ಯಾಕೆ ಬಂತು ಅಂತ ಒಂದೂ ಕೇಳಲಿಲ್ಲ. ನನಗೆ ಅದೇ ಜಾಸ್ತಿ ಹಿತವಾಯಿತು. ಹೋಳಿಗೆ ಬಂದಾಗ "ಇವಳು ತಿನ್ನಬಹುದಾ?" ಅಂತ ಯಾರೋ ಕೇಳಿದರು. "ಅವಳಿಗೆ ಗೊತ್ತು" ಅಂದಿರಿ.