ಇಂಜಿನ್ ಬಿಚ್ಚುವ ಮೊದಲು ಡೀಸೆಲ್ ಪುಸ್ತಕ ನೋಡಿ

ಸಂಪಾದಕರಿಗೆ ನಮಸ್ಕಾರ.

ನಮ್ಮ ಮನೆಯಲ್ಲಿ 2008ನೇ ಮಾಡೆಲಿನ ಹತ್ತು ಚಕ್ರದ ಲಾರಿ ಇದೆ. ಯಜಮಾನರು ಓಡಿಸುತ್ತಾರೆ, ಲೆಕ್ಕ ನಾನು ಬರೆಯುತ್ತೇನೆ. ಸಿರುಗುಪ್ಪದ ಮಿಲ್ಲುಗಳಿಂದ ಅಕ್ಕಿ ತುಂಬಿಕೊಂಡು ಬೆಂಗಳೂರಿನ ಯಶವಂತಪುರಕ್ಕೆ ಹೋಗಿ ಬರುವುದು ನಮ್ಮ ಬಾಡಿಗೆ. ಈ ವರ್ಷ ಆ ಗಾಡಿಯ ಇಂಜಿನ್ ಸುಮ್ನೆ ಬಿಚ್ಚಿಸಿ ಸಾಲಕ್ಕೆ ಬೀಳುವುದು ಸ್ವಲ್ಪದರಲ್ಲಿ ತಪ್ಪಿತು. ಬೇಸಿಗೆ ಭತ್ತ ಬಂದು ಮಿಲ್ಲುಗಳ ಮುಂದೆ ಮತ್ತೆ ಲಾರಿ ಸಾಲು ನಿಂತಿದೆ. ಹಳೇ ಗಾಡಿ ಇಟ್ಟುಕೊಂಡವರಿಗೆ ಉಪಯೋಗವಾಗಲಿ ಅಂತ ಬರೆಯುತ್ತಿದ್ದೇನೆ.

ಈ ಗಾಡಿ ಕೊಂಡಿದ್ದು ಅದಿರು ಸಾಗಿಸಲು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿದಾಗ ನಮ್ಮ ಬೀದಿಯಿಂದಲೇ ಎಷ್ಟೋ ಗಾಡಿಗಳನ್ನು ಫೈನಾನ್ಸಿನವರು ಎಳೆದುಕೊಂಡು ಹೋದರು. ನಾವು ಅಕ್ಕಿ ಬಾಡಿಗೆಗೆ ಇಳಿದು, ಕಂತು ಕಟ್ಟಿ, ಗಾಡಿ ಉಳಿಸಿಕೊಂಡೆವು. ಒಂದೊಂದು ಲೀಟರಿಗೂ ಲೆಕ್ಕ ಇಡಬೇಕಾದ ದಿನಗಳು ಅವು. ಡೀಸೆಲ್ ಪುಸ್ತಕ ಶುರು ಮಾಡಿದ್ದು ಆಗಲೇ. ಹೊರಡುವಾಗ ಟ್ಯಾಂಕ್ ಬಾಯಿತನಕ ತುಂಬಿಸುತ್ತಾರೆ. ಯಶವಂತಪುರದಲ್ಲಿ ಅಕ್ಕಿ ಇಳಿಸಿದ ಮೇಲೆ ಮತ್ತೆ ಬಾಯಿತನಕ. ಊರಿಗೆ ಬಂದ ಮೇಲೆ ಇನ್ನೊಮ್ಮೆ. ಹೀಗಾಗಿ ಲೋಡಿನ ಆವರೇಜ್ (ಲೀಟರಿಗೆ ಎಷ್ಟು ಕಿ.ಮೀ. ಅನ್ನುವುದು) ಬೇರೆ, ಖಾಲಿ ಗಾಡಿಯ ಆವರೇಜ್ ಬೇರೆ ಸಿಗುತ್ತದೆ. ಆಯಿಲ್ ಎಷ್ಟು ಹಾಕಿದೆವು ಅನ್ನುವುದೂ ಅದರಲ್ಲೇ ಇರುತ್ತದೆ.

ಲೋಡಿನಲ್ಲಿ ಲೀಟರಿಗೆ 4 ಕಿ.ಮೀ., ಖಾಲಿಯಲ್ಲಿ 6.1. ವರ್ಷಗಟ್ಟಲೆ ಹೀಗೇ ಇತ್ತು. ಫೆಬ್ರವರಿಯಲ್ಲಿ ಲೋಡಿನದು 3.4ಕ್ಕೆ ಇಳಿಯಿತು. ಹಿರಿಯೂರು ದಾಟಿದ ಮೇಲೆ ಗಾಡಿ ಎಳೆಯುತ್ತಿಲ್ಲ, ಮೊದಲು ಟಾಪ್ ಗೇರಿನಲ್ಲೇ ಹತ್ತುತ್ತಿದ್ದ ಏರಿಗೆ ಎರಡು ಗೇರ್ ಇಳಿಸಬೇಕು, ಹಿಂದೆ ಕರಿ ಹೊಗೆ ಅಂತ ಯಜಮಾನರು ಹೇಳಿದರು. ಬೆಂಗಳೂರು ನಮ್ಮ ಬಳ್ಳಾರಿಗಿಂತ ನಾನೂರು ಮೀಟರಿಗೂ ಜಾಸ್ತಿ ಎತ್ತರದಲ್ಲಿದೆ. ಹೋಗುವಾಗ ಲೋಡೂ ಇರುತ್ತದೆ, ಏರೂ ಇರುತ್ತದೆ.

ಮೊದಲು ಹೋದ ಗ್ಯಾರೇಜಿನಲ್ಲಿ ಇಂಜಿನ್ನಿಗೆ ಡೀಸೆಲ್ ಕಳಿಸುವ ಪಂಪಿನ ತೊಂದರೆ ಅಂದರು. ಪಂಪು ಏರಿಸಿ, ಅಂದರೆ ಡೀಸೆಲ್ ಜಾಸ್ತಿ ಹೋಗುವಂತೆ ಮಾಡಿ ಕಳಿಸಿದರು. 14,500 ರೂಪಾಯಿ ಆಯಿತು. ಒಂದು ಟ್ರಿಪ್ ಪರವಾಗಿಲ್ಲ ಅನಿಸಿತು. ಆಮೇಲೆ ಹೊಗೆ ಇನ್ನೂ ಕಪ್ಪಾಯಿತು, ಆವರೇಜ್ 3ಕ್ಕೆ ಬಂತು. ಒಂದು ಕಡೆಯ 360 ಕಿ.ಮೀ.ಗೆ 30 ಲೀಟರ್ ಜಾಸ್ತಿ. ಡೀಸೆಲ್ 90 ರೂಪಾಯಿಯ ಆಸುಪಾಸು ಇರುವಾಗ ಒಂದು ಟ್ರಿಪ್ಪಿಗೆ 2,700 ರೂಪಾಯಿ ಹೊಗೆಯಾಗಿ ಹೋಗುತ್ತಿತ್ತು. ಮತ್ತೆ ಹೋದಾಗ ಅದೇ ಗ್ಯಾರೇಜಿನವರು ಇಂಜಿನ್ ಬೋರಿಗೆ ಬಂದಿದೆ, ಅಂದರೆ ಒಳಗೆ ಸವೆದಿದೆ, ಇಳಿಸಬೇಕು, 1,60,000 ಆಗುತ್ತದೆ ಅಂದರು. ನನ್ನ ಬಳೆಗಳನ್ನು ಅಡ ಇಡಲು ಬ್ಯಾಂಕಿನಲ್ಲಿ ವಿಚಾರಿಸಿಯೂ ಬಂದಿದ್ದೆ.

ಆದರೆ ಪುಸ್ತಕ ನೋಡಿದರೆ ನನಗೆ ಒಪ್ಪಿಗೆಯಾಗಲಿಲ್ಲ. ಇಂಜಿನ್ ಸವೆದಿದ್ದರೆ ಆಯಿಲ್ ಕುಡಿಯಬೇಕಲ್ವಾ? ಒಂದು ಸರ್ವಿಸಿನಿಂದ ಇನ್ನೊಂದು ಸರ್ವಿಸಿನವರೆಗೆ ನಾವು ಒಂದು ಲೀಟರ್ ಆಯಿಲ್ ಕೂಡ ಮೇಲೆ ಹಾಕಿರಲಿಲ್ಲ. ತೆಕ್ಕಲಕೋಟೆ ಕಡೆ ಒಬ್ಬ ಹಳೇ ಮಿಸ್ತ್ರಿ ಇದ್ದಾರೆ, ಎಲ್ಲರೂ ತಾತ ಅಂತಲೇ ಕರೆಯುತ್ತಾರೆ. ಅವರ ಹತ್ತಿರ ಗಾಡಿ ಒಯ್ದೆವು, ಪುಸ್ತಕ ಹಿಡಿದು ನಾನೂ ಹೋದೆ.

ತಾತ ಬಾನೆಟ್ ಮುಟ್ಟುವ ಮೊದಲು ಪುಸ್ತಕ ಓದಿಸಿ ಕೇಳಿದರು. ‘ಖಾಲಿಯಲ್ಲಿ ಎಷ್ಟವ್ವಾ?’ ಅಂದರು. 5.7 ಅಂದೆ. ‘ಲೋಡಿನಾಗ ಬಾಳ ಇಳಿದೈತಿ, ಖಾಲಿಯಾಗ ಚೂರು ಇಳಿದೈತಿ. ಇವು ಎರಡು ಬೇರೆ ಬೇರೆ ಕಾಯಿಲೆ ಅವ್ವಾ. ಇಂಜಿನ್ ಬಿಚ್ಚೋದು ಕೊನೇ ಕೆಲಸ. ಮೊದಲು ಗಾಳಿ ಎಲ್ಲಿ ಹೋಗ್ತೈತಿ ನೋಡಾನು.’

ಇಂಜಿನ್ ಓಡುತ್ತಿರುವಾಗ ಆಯಿಲ್ ಹಾಕುವ ಮುಚ್ಚಳ ತೆಗೆದು ನೋಡಿದರು. ಇಂಜಿನ್ ಸವೆದಿದ್ದರೆ ಅಲ್ಲಿಂದ ಹೊಗೆ ಉಗುಳುತ್ತದೆ, ನಮ್ಮದು ಉಗುಳಲಿಲ್ಲ. ಸೈಲೆನ್ಸರಿನಲ್ಲಿ ನೀಲಿ ಹೊಗೆಯೂ ಇರಲಿಲ್ಲ. ನೀಲಿ ಬಂದರೆ ಆಯಿಲ್ ಸುಡುತ್ತಿದೆ ಅಂತ, ಕಪ್ಪು ಬಂದರೆ ಡೀಸೆಲಿಗೆ ತಕ್ಕ ಗಾಳಿ ಇಲ್ಲ ಅಂತ. ಆಮೇಲೆ ಏರ್ ಫಿಲ್ಟರ್ ತೆಗೆದರು. ಮಿಲ್ಲಿನ ಅಂಗಳದ ಹೊಟ್ಟಿನ ಧೂಳು ತುಂಬಿ ಕಟ್ಟಿಕೊಂಡಿತ್ತು. ಅದನ್ನು ಟಯರಿಗೆ ಬಡಿದು ಮತ್ತೆ ಹಾಕುವುದು ನಮ್ಮ ಕಡೆ ಎಲ್ಲರ ರೂಢಿ. ಹಾಗೆ ಬಡಿದರೆ ಕಾಗದ ಹರಿಯುತ್ತದೆ, ಧೂಳು ಒಳಗೆ ಹೋಗಿ ಇಂಜಿನ್ ಒಳಗಿನ ಲೈನರ್, ರಿಂಗ್ ತಿನ್ನುತ್ತದೆ. ಆಗ ನಿಜವಾಗಿಯೂ ಇಂಜಿನ್ ಇಳಿಸಬೇಕಾಗುತ್ತದೆ. ದಯವಿಟ್ಟು ಯಾರೂ ಹಾಗೆ ಮಾಡಬೇಡಿ.

ದೊಡ್ಡ ತೊಂದರೆ ಇದ್ದಿದ್ದು ಹೋಸಿನಲ್ಲಿ. ಟರ್ಬೊ ಗಾಳಿಯನ್ನು ಒತ್ತಿ ಕಳಿಸುತ್ತದೆ. ಆ ಗಾಳಿ ರೇಡಿಯೇಟರ್ ಪಕ್ಕದ ಇಂಟರ್‌ಕೂಲರಿನಲ್ಲಿ ತಣ್ಣಗಾಗಿ ಇಂಜಿನ್ನಿಗೆ ಹೋಗುತ್ತದೆ. ನಡುವೆ ರಬ್ಬರ್ ಹೋಸುಗಳಿವೆ. ಒಂದರ ಕೆಳಗಡೆ, ಕಣ್ಣಿಗೆ ಬೀಳದ ಜಾಗದಲ್ಲಿ, ಜಿಡ್ಡಿಗೆ ಧೂಳು ಅಂಟಿತ್ತು. ತಾತ ಟರ್ಬೊ ಬಾಯಿ ಮುಚ್ಚಿ, ಕಂಪ್ರೆಸರಿನಿಂದ ಸ್ವಲ್ಪವೇ ಗಾಳಿ ಕೊಟ್ಟು, ಸೋಪಿನ ನೀರು ಸುರಿದರು. ಅಲ್ಲಿದ್ದ ಬಿರುಕಿನಿಂದ ನೊರೆ ಗುಳುಗುಳು ಎದ್ದಿತು. ನಿಂತ ಗಾಡಿಯಲ್ಲಿ ಆ ಬಿರುಕು ಮುಚ್ಚಿಕೊಂಡಿರುತ್ತದೆ. ಲೋಡ್ ಎಳೆಯುವಾಗ ಗಾಳಿಯ ಒತ್ತಡಕ್ಕೆ ಬಾಯಿ ಬಿಡುತ್ತದೆ. ಅದಕ್ಕೇ ಹೊಗೆ ತಪಾಸಣೆಯಲ್ಲೂ ನಮ್ಮ ಗಾಡಿ ಪಾಸಾಗಿತ್ತು. ಅಲ್ಲಿ ನಿಲ್ಲಿಸಿಯೇ ರೇಸ್ ಮಾಡಿ ನೋಡುವುದು.

ಹೋಸ್, ಎರಡು ಕ್ಲಾಂಪ್ ಸೇರಿ 1,850 ರೂಪಾಯಿ. ಹೊಸ ಫಿಲ್ಟರ್ ಹಾಕಿಸಿ, ಪಂಪನ್ನು ಮೊದಲಿನ ಅಳತೆಗೆ ಇಳಿಸಿದೆವು. ಲೋಡಿನ ಆವರೇಜ್ 3.8 ಆಯಿತು.

ಖಾಲಿ ಗಾಡಿಯ ಲೆಕ್ಕ ಮಾತ್ರ ಅಲ್ಲೇ ಇತ್ತು. ‘ಬ್ರೇಕ್ ಹೆಚ್ಚು ಹಿಡಿಯದೆ ಹತ್ತು ಮೈಲಿ ಓಡಿಸ್ಕೊಂಡು ಬಂದು ಎಲ್ಲಾ ಚಕ್ರದ ನಡುವಿನ ಹಬ್ ಹತ್ತಿರ ಕೈ ಹಿಡೀರಿ’ ಅಂದರು ತಾತ. ಹಿಂದಿನ ಎಡಗಡೆಯ ಒಂದು ಹಬ್ ಹತ್ತಿರಕ್ಕೇ ಬಿಡಲಿಲ್ಲ, ಅಷ್ಟು ಕಾದಿತ್ತು. ಬ್ರೇಕ್ ಬಿಟ್ಟರೂ ಒಳಗೆ ಬ್ರೇಕ್ ಶೂ ಚಕ್ರವನ್ನು ಪೂರ್ತಿ ಬಿಡುತ್ತಿರಲಿಲ್ಲ. ಬಿಚ್ಚಿ, ತುಕ್ಕು ತೆಗೆದು, ಗ್ರೀಸ್ ಹಾಕಿ ಸೆಟ್ ಮಾಡಿದರು. ಕಳೆದ ಮೂರು ಟ್ರಿಪ್ ಲೋಡಿನಲ್ಲಿ 4, ಖಾಲಿಯಲ್ಲಿ 6 ಬಂದಿದೆ.

ಗ್ಯಾರೇಜಿನವರಲ್ಲಿ ನನ್ನದೊಂದು ಕೇಳಿಕೆ. ಇಂಜಿನ್ ಇಳಿಸಬೇಕು ಅನ್ನುವ ಮೊದಲು ಏನೇನು ನೋಡಿದಿರಿ, ಏನು ಕಂಡಿತು ಅಂತ ಒಂದು ಚೀಟಿಯಲ್ಲಿ ಬರೆದುಕೊಡಿ. ಒಂದೂವರೆ ಲಕ್ಷದ ಕೆಲಸಕ್ಕೆ ಒಂದು ಚೀಟಿ ಕೇಳುವುದು ಜಾಸ್ತಿ ಅಲ್ಲ. ಸರ್ಕಾರಿ ಐಟಿಐಗಳಲ್ಲಿ ಡೀಸೆಲ್ ಮೆಕ್ಯಾನಿಕ್ ಕೋರ್ಸ್ ಇದೆ. ಮಿಲ್ಲುಗಳಲ್ಲಿ ಲೋಡ್ ಕಡಿಮೆ ಇರುವ ದಿನಗಳಲ್ಲಿ ಅಲ್ಲಿನ ಮೇಷ್ಟ್ರುಗಳು ಒಂದು ದಿನ ಡ್ರೈವರುಗಳನ್ನು ಕರೆದು ಈ ಸೋಪಿನ ನೀರಿನ ಪರೀಕ್ಷೆ, ಹಬ್ ನೋಡುವುದು, ಫಿಲ್ಟರ್ ಹಾಕುವುದು ತೋರಿಸಲಿ. ಲೆಕ್ಕ ಬರೆಯುವ ಹೆಂಗಸರನ್ನೂ ಕರೆಯಲಿ. ನಮ್ಮ ಓಣಿಯಿಂದಲೇ ನಾಲ್ಕು ಜನ ಬರುತ್ತೇವೆ.

– ಒಬ್ಬ ಲಾರಿ ಮಾಲೀಕರ ಹೆಂಡತಿ, ಸಿರುಗುಪ್ಪ, ಬಳ್ಳಾರಿ ಜಿಲ್ಲೆ