ಪಂಪು ಹಿಡಿಯುವ ಕೈಯನ್ನು ಮೊದಲು ನೋಡು

ಕೋಲಾರ

ಚಿರಂಜೀವಿ ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ಶಿಡ್ಲಘಟ್ಟದ ಕಡೆಯ ಉಪಕೇಂದ್ರದಲ್ಲಿ ಕೆಲಸಕ್ಕೆ ಸೇರಿದ್ದೀಯೆಂದು ತಿಳಿದು ಸಂತೋಷವಾಯಿತು. ದಮ್ಮಿನವರು, ಅಂದರೆ ಅಸ್ತಮಾ ಇರುವವರು, ಕೈಯಲ್ಲಿ ಔಷಧಿಯಿದ್ದರೂ ಮತ್ತೆ ಮತ್ತೆ ಏದುತ್ತ ಬರುತ್ತಾರೆಂದು ಬರೆದಿದ್ದೀಯೆ. ಔಷಧಿಯನ್ನು ಬದಲಿಸಬೇಕೇ ಬೇಡವೇ ಎಂಬುದನ್ನು ವೈದ್ಯರು ತೀರ್ಮಾನಿಸುತ್ತಾರೆ. ಅದಕ್ಕೂ ಮೊದಲು, ಅವರು ಅದನ್ನು ಹೇಗೆ ಎಳೆದುಕೊಳ್ಳುತ್ತಾರೆ ಎಂಬುದನ್ನು ನೀನು ಕಣ್ಣಾರೆ ನೋಡಬೇಕು.

ಮದ್ದನ್ನು ಉಸಿರಿನೊಂದಿಗೆ ಎಳೆದುಕೊಳ್ಳುವ ಪಂಪು (ಇನ್‌ಹೇಲರ್) ಬಳಸುವುದು ಗೊತ್ತೇ ಎಂದು ಕೇಳಿದರೆ ಎಲ್ಲರೂ ಗೊತ್ತೆನ್ನುತ್ತಾರೆ. ಹಾಗಾಗಿ ನಿನ್ನೆದುರಿಗೇ ಒಮ್ಮೆ ಮಾಡಿ ತೋರಿಸಲು ಹೇಳು. ಒತ್ತುವ ಪಂಪಾದರೆ ಚೆನ್ನಾಗಿ ಅಲುಗಿಸಿ, ಉಸಿರನ್ನು ಹೊರಬಿಟ್ಟು, ತುಟಿಯನ್ನು ಬಿಗಿಯಾಗಿಸಿ, ಒತ್ತುತ್ತಲೇ ನಿಧಾನವಾಗಿ ಆಳವಾಗಿ ಎಳೆದುಕೊಂಡು, ಸುಮಾರು 10 ಸೆಕೆಂಡು ಉಸಿರು ಕಟ್ಟಬೇಕು. ಕ್ಯಾಪ್ಸೂಲ್ ಹಾಕುವ ರೋಟಾಹೇಲರ್ ಆದರೆ ರಭಸದಿಂದ ಎಳೆಯಬೇಕು. ಇವು ಅದಲುಬದಲಾದರೆ ಮದ್ದು ಗಂಟಲಲ್ಲೋ ಸಾಧನದಲ್ಲೋ ಉಳಿದುಬಿಡುತ್ತದೆ. ಆ ಕ್ಯಾಪ್ಸೂಲನ್ನು ನೀರು ಕುಡಿದು ನುಂಗುವವರೂ ಇದ್ದಾರೆ, ನಗಬೇಡ. ಅವರಿಗೆ ಯಾರೂ ತೋರಿಸಿಕೊಟ್ಟಿರುವುದಿಲ್ಲ. ಒತ್ತುವುದನ್ನೂ ಎಳೆಯುವುದನ್ನೂ ಹೊಂದಿಸಲಾಗದ ಮಕ್ಕಳಿಗೂ ಮುದುಕರಿಗೂ ಪಂಪಿಗೂ ಬಾಯಿಗೂ ನಡುವೆ ಇಡುವ ಕೊಳವೆಯಂಥ ಸ್ಪೇಸರ್ ಬೇಕು. ಕೊಳ್ಳಲಾಗದವರಿಗೆ 500 ಮಿಲಿಲೀಟರ್ ನೀರಿನ ಬಾಟಲಿಯ ತಳದಲ್ಲಿ ಪಂಪಿನ ಬಾಯಿ ಬಿಗಿಯಾಗಿ ಕೂರುವಷ್ಟು ತೂತು ಮಾಡಿಕೊಟ್ಟರೂ ಕೆಲಸ ನಡೆಯುತ್ತದೆ.

ಇದಕ್ಕಿಂತ ಕಷ್ಟದ ಕೆಲಸವೆಂದರೆ, ಚೆನ್ನಾಗಿರುವ ದಿನಗಳಲ್ಲೂ ಅವರು ಮದ್ದು ಬಿಡದಂತೆ ನೋಡಿಕೊಳ್ಳುವುದು. ಉಸಿರು ಕಟ್ಟಿದಾಗ ಎಳೆದುಕೊಳ್ಳುವ ಸಾಲ್ಬುಟಮಾಲ್ ಕೆಲವೇ ನಿಮಿಷಗಳಲ್ಲಿ ಉಸಿರನ್ನು ಸರಾಗಗೊಳಿಸುವುದರಿಂದ ಜನ ಅದನ್ನೇ ನಂಬುತ್ತಾರೆ. ಆದರೆ ಶ್ವಾಸನಾಳದ ಒಳಗಿನ ಉರಿಯೂತ ಅದರಿಂದ ಇಳಿಯುವುದಿಲ್ಲ. ಅದು ಸೋರುವ ಸೂರಿನ ಕೆಳಗೆ ಪಾತ್ರೆಯಿಟ್ಟಂತೆ ಅಷ್ಟೇ. ಉರಿಯೂತಕ್ಕೆ ಬುಡೆಸೊನೈಡ್‌ನಂಥ ಸ್ಟೀರಾಯ್ಡ್ ಬೇಕು, ಅದರ ಗುಣ ಕಾಣಲು ದಿನಗಳೇ ಹಿಡಿಯುತ್ತವೆ. ಜಾಗತಿಕ ಅಸ್ತಮಾ ಮಾರ್ಗಸೂಚಿಯಾದ ಜಿನಾ ಕೂಡ 2019ರಿಂದ ವಯಸ್ಕರಿಗೆ ಸಾಲ್ಬುಟಮಾಲ್ ಒಂದನ್ನೇ ಕೊಡುವುದು ಬೇಡವೆನ್ನುತ್ತಿದೆ. ಸ್ಟೀರಾಯ್ಡ್ ಎಂದೊಡನೆ ಹೆದರುವವರಿಗೆ, ಇದು ಮೈಕ್ರೋಗ್ರಾಂ ಲೆಕ್ಕದಲ್ಲಿ ನೇರವಾಗಿ ಶ್ವಾಸನಾಳಕ್ಕೆ ಹೋಗುವ ಮದ್ದೆಂದು ತಿಳಿಸು. ಎಳೆದುಕೊಂಡ ಮೇಲೆ ಬಾಯಿ ಮುಕ್ಕಳಿಸಿ ಉಗುಳದಿದ್ದರೆ ಬಾಯಲ್ಲಿ ಬಿಳಿ ಬೂಷ್ಟು ಕಟ್ಟಬಹುದು ಎಂಬುದನ್ನೂ ಸೇರಿಸಿ ಹೇಳು.

ನಿನ್ನ ಊರು ರೇಷ್ಮೆಯ ಸೀಮೆ. ಹುಳು ಸಾಕುವವರಿಗೂ ನೂಲು ಬಿಚ್ಚುವವರಿಗೂ ಗೂಡಿನ ಧೂಳು, ಬೇಯಿಸುವ ಹಬೆ, ಚಿಟ್ಟೆಯ ರೆಕ್ಕೆಪುಡಿ ಇವುಗಳಿಂದ ದಮ್ಮು ಬರುವುದುಂಟು. ರಜೆಯ ದಿನ ಉಸಿರು ಸುಲಭವಾಗುತ್ತದೆಯೇ ಎಂದು ಕೇಳು. ಹೌದೆಂದರೆ ತಪ್ಪದೆ ವೈದ್ಯರಿಗೆ ತಿಳಿಸು. ಕೆಲಸ ಬಿಡಿ ಎನ್ನುವುದು ನಮ್ಮಂಥವರಿಗೆ ಸುಲಭ, ಅವರಿಗಲ್ಲ. ಗಾಳಿಯಾಡುವ ಜಾಗವನ್ನೋ ಬೇರೆ ಹಂತದ ಕೆಲಸವನ್ನೋ ಮೊದಲು ವಿಚಾರಿಸು. ಸೌದೆ ಒಲೆ, ಸೊಳ್ಳೆ ಬತ್ತಿ, ಬೀಡಿಗಳನ್ನಂತೂ ಮರೆಯಬೇಡ. ಮೃಗಶಿರ ಕಾರ್ತಿಗೆ ದಮ್ಮಿಗೆಂದು ಕೊಡುವ ಮೀನಿನ ಮದ್ದು ನುಂಗಲು ಹೈದರಾಬಾದಿಗೆ ಹೊರಟವರೊಂದಿಗೆ ವಾದಕ್ಕಿಳಿಯಬೇಡ. ಪಂಪನ್ನು ಮಾತ್ರ ಬಿಡದಂತೆ ಜೊತೆಯಲ್ಲೇ ಇಟ್ಟುಕಳಿಸು.

ಪ್ರತಿ ಭೇಟಿಯಲ್ಲೂ ಕಳೆದ 4 ವಾರಗಳ ವಿಷಯ ಕೇಳಿ ಬರೆದಿಡು: ರಾತ್ರಿ ದಮ್ಮಿನಿಂದ ಎಚ್ಚರವಾಯಿತೇ, ಸಾಲ್ಬುಟಮಾಲ್ ವಾರಕ್ಕೆ 2 ಬಾರಿಗಿಂತ ಹೆಚ್ಚು ಬೇಕಾಯಿತೇ, ಕೆಲಸ ನಿಂತಿತೇ. ಒಂದು ವಾಕ್ಯವನ್ನು ಪೂರ್ತಿ ಆಡಲಾಗದವರು, ತುಟಿ ನೀಲಿಗಟ್ಟಿದವರು ಬಂದರೆ ಬರೆಯುತ್ತ ಕೂರಬೇಡ. ಕೂರಿಸಿ, ಸ್ಪೇಸರ್‌ನಲ್ಲಿ ಸಾಲ್ಬುಟಮಾಲ್ ಕೊಡುತ್ತಲೇ 108ಕ್ಕೆ ಕರೆ ಮಾಡಿಸು.

ಇತಿ,
ನಿನ್ನ ದೊಡ್ಡಮ್ಮ