ಬಸ್ ಟಿಕೆಟ್ ಹಿಂದೆ ಬರೆದು ಕೊಟ್ಟ ಅಕ್ಕನಿಗೆ

ನಮ್ಮ ಕಾಲೇಜಿನ ಸಮುದಾಯ ರೇಡಿಯೋದಲ್ಲಿ ನಾನು ಮನಶ್ಶಾಸ್ತ್ರದ ಬಗ್ಗೆ ಅರ್ಧ ಗಂಟೆ ಕಾರ್ಯಕ್ರಮ ನಡೆಸ್ತೀನಿ. ಮೊದಲನೇ ಲೈವ್ ದಿನ ವಿಷಯ ಪರೀಕ್ಷೆ ಭಯ, ಕೆಂಪು ಲೈಟ್ ಹತ್ತಿದ್ದೇ ತಡ ಗಂಟಲು ಒಣಗಿ, ಮರೆವಿನ ಬಗ್ಗೆ ಜರ್ಮನ್ ಮನಶ್ಶಾಸ್ತ್ರಜ್ಞ ಎಬ್ಬಿಂಗ್‌ಹಾಸ್ 1885ರಲ್ಲಿ ಪ್ರಕಟಿಸಿದ ಪ್ರಯೋಗಗಳ ನೋಟ್ಸನ್ನ ಒಂದೇ ಉಸಿರಲ್ಲಿ ಗಡಗಡ ಓದ್ತಾ ಹೋದೆ. ಆಗ ಮುಂದಿನ ಜಾನಪದ ಕಾರ್ಯಕ್ರಮಕ್ಕೆ ಹಾಡೋಕೆ ಬಂದಿದ್ದ ಒಬ್ರು ಅಕ್ಕ, ಹೆಸರು ಇವತ್ತಿಗೂ ಗೊತ್ತಿಲ್ಲ, ಮಧ್ಯೆ ಹಾಡು ಹಾಕಿದಾಗ ಒಳಗೆ ಬಂದು ಬಸ್ ಟಿಕೆಟ್ ಹಿಂದೆ ಪೆನ್ಸಿಲಲ್ಲಿ ಗೀಚಿ ನನ್ ಮುಂದೆ ಇಟ್ರು, "ಒಬ್ಳೇ ಹುಡುಗಿ ಕೇಳ್ತಿದಾಳೆ ಅನ್ಕೊಂಡು ಮಾತಾಡು ಕಂದ". ಅಷ್ಟೇ. ನೋಟ್ಸ್ ಮುಚ್ಚಿಟ್ಟು, ಪಿಯುಸಿಲಿ ನನಗೇ ಹಾಲ್ ಟಿಕೆಟ್ ಹಿಡ್ಕೊಂಡ್ರೆ ಕೈ ನಡುಗ್ತಿದ್ದಿದ್ದನ್ನ ಹೇಳಿದೆ, ಆಮೇಲೆ ಮಾತು ತಾನಾಗೇ ಬಂತು. ಕೊನೇಲಿ ಮಾನಸಿಕ ಆರೋಗ್ಯದ ಟೆಲಿ ಮಾನಸ್ ಸಹಾಯವಾಣಿ 14416 ಅಂತ ಹೇಳಿ ಮುಗಿಸೋಕೆ ಹೋದ್ರೆ ಗಾಜಿನಾಚೆಯಿಂದ ಎರಡು ಬೆರಳು ತೋರಿಸಿದ್ರು, ಇನ್ನೊಂದ್ಸಲ ಹೇಳು ಅಂತ. ಪೆನ್ನು ಹುಡುಕ್ತಿರೋರಿಗೆ ಟೈಮ್ ಬೇಕಲ್ವಾ, ನನಗೆ ಹೊಳೆದೇ ಇರ್ಲಿಲ್ಲ. ಈಗ ಪ್ರತಿ ಸಲ ಎರಡು ಸರ್ತಿ, ಒಂದೊಂದೇ ಅಂಕಿ ನಿಧಾನಕ್ಕೆ ಹೇಳ್ತೀನಿ.

ಅಕ್ಕಾ, ಆ ಟಿಕೆಟ್ ಇನ್ನೂ ನನ್ನ ಹೆಡ್‌ಫೋನ್ ಡಬ್ಬೀಲಿದೆ. ನಿಮಗೆ ತುಂಬಾ ತುಂಬಾ ಥ್ಯಾಂಕ್ಸ್.